ಬರ್ಮೀಸ್ ನಂಟಸ್ತಿಕೆಯ ಪದಗಳು: ಒಂದು ಕಲಿಕಾ ಆ್ಯಪ್‌ನ ವಿಮರ್ಶೆ

ನಮ್ಮ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಾಂಗ್ಲಾ ಕುಟುಂಬಗಳ ಜೊತೆಗೆ ಬರ್ಮಾದಿಂದ ಮರಳಿದ ಭಾರತೀಯ ಮೂಲದ ಕುಟುಂಬಗಳೂ ನೆಲೆಸಿವೆ. 1962ರಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿದು, ಮುಂದೆ ಅಂಗಡಿ ವ್ಯಾಪಾರಗಳು ಸರ್ಕಾರದ ವಶವಾದ ಮೇಲೆ ಲಕ್ಷಾಂತರ ಭಾರತೀಯರು ಆ ದೇಶ ಬಿಟ್ಟು ಬರಬೇಕಾಯಿತು. ಕ್ಯಾಂಪಿನ ಹಿರಿಯರೊಡನೆ ಅವರು ಚಿಕ್ಕಂದಿನಲ್ಲಿ ಆಡಿದ ಭಾಷೆಯಲ್ಲಿ ನಾಲ್ಕು ಮಾತಾಡಬೇಕೆಂಬ ಆಸೆಯಿಂದ ನಾನು ಬರ್ಮೀಸ್ ಕಲಿಸುವ ಆ್ಯಪ್ ಒಂದಕ್ಕೆ ಚಂದಾ ಕಟ್ಟಿದೆ. ಅದರ ಹೆಸರು ಇಲ್ಲಿ ಬೇಡ. ಈ ಬರಹ ಅದರ ‘ಕುಟುಂಬ’ ಎಂಬ ಪಾಠವನ್ನು ಕುರಿತದ್ದು.

ಧ್ವನಿಯ ವಿಷಯದಲ್ಲಿ ಪಾಠ ಅಚ್ಚುಕಟ್ಟಾಗಿದೆ. ಪ್ರತಿ ಪದವನ್ನೂ ಒಂದು ಗಂಡು ದನಿ, ಒಂದು ಹೆಣ್ಣು ದನಿ ಹೇಳುತ್ತವೆ, ನಿಧಾನವಾಗಿಯೂ ಕೇಳಬಹುದು. ಬರ್ಮೀಸ್‌ನಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲಾಗುವುದರಿಂದ ಇದು ಸಣ್ಣ ಸೌಕರ್ಯವಲ್ಲ. ‘ಥಾ’ ಎಂಬುದನ್ನು ಎತ್ತರದ ದನಿಯಲ್ಲಿ ಎಳೆದು ಹೇಳಿದರೆ ‘ಮಗ’ ಎಂದಾಗುತ್ತದೆ. ತಗ್ಗಿದ ದನಿಯಲ್ಲಿ ಹೇಳಿದರೆ ‘ಮಾತ್ರ’ ಎಂಬ ಬೇರೆಯೇ ಪದವಾಗುತ್ತದೆ. ಆದರೆ ಪದಗಳನ್ನು ರೋಮನ್ ಅಕ್ಷರದಲ್ಲಿ ಮಾತ್ರ ಕೊಟ್ಟಿರುವುದು ನಮ್ಮಂಥವರಿಗೆ ಅಡ್ಡಿಯೇ ಹೊರತು ನೆರವಲ್ಲ. ತಂದೆಗೆ ಹೇಳುವ ‘ಅಫೇ’ಯಲ್ಲಿರುವುದು ಇಂಗ್ಲಿಷಿನ ಎಫ್ ಅಲ್ಲ, ತುಟಿ ಮುಚ್ಚಿ ಉಸಿರು ಬಿಟ್ಟು ಹೇಳುವ ನಮ್ಮ ಮಹಾಪ್ರಾಣ ‘ಫ’. ತಮ್ಮನಿಗೆ ಹೇಳುವ ‘ಞೀ’ ಶುರುವಾಗುವುದೇ ನಾವು ವರ್ಣಮಾಲೆಯಲ್ಲಿ ಕಲಿತು ಆಮೇಲೆ ಬಳಸದೆ ಬಿಡುವ ‘ಞ’ಕಾರದಿಂದ. ಬರ್ಮೀಸ್ ಲಿಪಿಯ 33 ವ್ಯಂಜನಗಳೂ ಕ, ಖ, ಗ ಎಂಬ ಕ್ರಮದಲ್ಲೇ ಸಾಗುವುದರಿಂದ, ಮೊದಲ ದಿನವೇ ಲಿಪಿಯನ್ನು ತೋರಿಸಿದ್ದರೆ ಕನ್ನಡಿಗರಿಗೆ ಅದು ಬೇಗ ಹತ್ತುತ್ತಿತ್ತು.

ನನ್ನ ದೊಡ್ಡ ಆಕ್ಷೇಪವಿರುವುದು ಸಂಬಂಧಗಳನ್ನು ಕಲಿಸುವ ಬಗೆಯಲ್ಲಿ. ಪಾಠವೆಲ್ಲ ಇಂಗ್ಲಿಷಿನ ‘ಬ್ರದರ್’, ‘ಸಿಸ್ಟರ್’, ‘ಅಂಕಲ್’ಗಳ ಮೇಲೆ ನಿಂತಿದೆ. ಬರ್ಮೀಸ್‌ನಲ್ಲಿ ಅಣ್ಣ ‘ಅಕೋ’, ಅಕ್ಕ ‘ಅಮ’. ಕಿರಿಯರ ವಿಷಯಕ್ಕೆ ಬಂದರೆ ಕರೆಯುವವರು ಗಂಡೋ ಹೆಣ್ಣೋ ಎಂಬುದೂ ಲೆಕ್ಕಕ್ಕೆ ಬರುತ್ತದೆ: ಅಣ್ಣನಿಗೆ ತಮ್ಮ ‘ಞೀ’ಯಾದರೆ, ಅಕ್ಕನಿಗೆ ಅದೇ ತಮ್ಮ ‘ಮೌಂಗ್’. ಆ್ಯಪ್ ‘ಬ್ರದರ್’ ಎಂಬ ಚಿತ್ರದ ಕೆಳಗೆ ‘ಅಕೋ’ ಒಂದನ್ನೇ ಬರೆದು ಮುಂದೆ ಹೋಗುತ್ತದೆ. ಅಭ್ಯಾಸದಲ್ಲಿ ಪುಟ್ಟ ಹುಡುಗನ ಚಿತ್ರಕ್ಕೆ ನಾನು ‘ಞೀ’ ಎಂದು ಉತ್ತರಿಸಿದಾಗ ಕೆಂಪು ಗುರುತು ಬಿತ್ತು. ಅಣ್ಣ, ತಮ್ಮ, ಅಕ್ಕ, ತಂಗಿ ಎಂದು ನಾಲ್ಕು ಪದಗಳಿಟ್ಟುಕೊಂಡು ಬೆಳೆದವರು ತಮಗೆ ಗೊತ್ತಿರುವುದನ್ನು ಮರೆತು, ಮತ್ತೆ ಬೇರೆಡೆ ಹುಡುಕಿ ಕಲಿಯಬೇಕಾದ ಸ್ಥಿತಿಯಿದು. ಸಹೋದರರಿಗೆ ಒಟ್ಟಾಗಿ ‘ಞೀ-ಅಕೋ’, ಅಂದರೆ ‘ತಮ್ಮ-ಅಣ್ಣ’, ಎನ್ನುವ ಜೋಡುಪದವಿದೆ. ನಮ್ಮ ‘ಅಣ್ಣತಮ್ಮಂದಿರು’ ಅಲ್ಲಿ ಕಿರಿಯನನ್ನು ಮುಂದಿಟ್ಟು ಬರುತ್ತಾರೆ. ಇಂಥದ್ದೊಂದು ಕಾರ್ಡ್ ಇದ್ದರೆ ಮರೆಯುವ ಮಾತೇ ಇರಲಿಲ್ಲ.

ದೊಡ್ಡಪ್ಪ, ಕಾಕಾ, ಚಿಗವ್ವ ಎಂದು ಬಿಡಿಸಿ ಕರೆಯುವ ನಮ್ಮ ಕಡೆಯವರಿಗೆ ಹಿರಿಯರ ಪದಗಳೂ ಸುಲಭ. ‘ಬ’ ಎಂದರೆ ಅಪ್ಪ; ದೊಡ್ಡದು ಎಂಬ ಅರ್ಥದ ‘ಚೀ’ ಸೇರಿ, ಉಚ್ಚಾರದಲ್ಲಿ ಮೆತ್ತಗಾಗಿ ‘ಬಜೀ’ ಆದರೆ ದೊಡ್ಡಪ್ಪ. ಚಿಕ್ಕದಕ್ಕೆ ‘ಲೇ’: ‘ಊಲೇ’ ಎಂದರೆ ಕಾಕಾ, ‘ದೌಲೇ’ ಎಂದರೆ ಚಿಗವ್ವ. ಆ್ಯಪ್‌ನಲ್ಲಿ ಇರುವುದು ‘ಊಲೇ’ ಒಂದೇ, ಅದೂ ಬರೀ ‘ಅಂಕಲ್’ ಎಂದು.

ಈ ಪದಗಳು ಮನೆಯೊಳಗೆ ಮಾತ್ರ ಉಳಿಯುವುದಿಲ್ಲ ಎಂಬುದನ್ನಂತೂ ಪಾಠ ಎಲ್ಲಿಯೂ ಹೇಳುವುದಿಲ್ಲ. ಸಂತೆಯಲ್ಲಿ ಗುರುತಿಲ್ಲದವರನ್ನು ನಾವು ಅಣ್ಣಾ, ಅಕ್ಕಾ, ಯಜ್ಜಾ ಎಂದು ಕರೆಯುವಂತೆ ಬರ್ಮೀಸರೂ ‘ಅಕೋ’, ‘ಅಮ’, ‘ಊಲೇ’ ಎನ್ನುತ್ತಾರೆ. ಹಿರಿಯರ ಮುಂದೆ ಮಾತಾಡುವಾಗ ‘ನಾನು’ ಎನ್ನುವ ಬದಲು ‘ಥಾ’ (ಮಗ) ಅಥವಾ ‘ಥಮೀ’ (ಮಗಳು) ಎಂದು ತಮ್ಮನ್ನೇ ಹೇಳಿಕೊಳ್ಳುವುದುಂಟು. ಅವರಲ್ಲಿ ಮನೆತನದ ಅಡ್ಡಹೆಸರಿಲ್ಲ; ಹೆಸರಿನ ಮೊದಲಿಗೆ ಗೌರವಕ್ಕೆ ನಿಲ್ಲುವುದು ನಂಟಿನ ಪದವೇ. 1961ರಿಂದ 1971ರವರೆಗೆ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಊ ಥಾಂಟ್ ಅವರ ‘ಊ’, ಆಂಗ್ ಸಾನ್ ಸೂ ಕಿ ಅವರ ಹೆಸರಿನ ಮೊದಲಿಗೆ ಸೇರಿಸುವ ‘ದೌ’ ಇಂಥವೇ. ಹೀಗಿರುವಾಗ ಕುಟುಂಬದ ಪಾಠವನ್ನು ಹಣ್ಣು, ಬಣ್ಣಗಳ ಪಾಠದ ಸಾಲಿನಲ್ಲಿ ಚಿತ್ರ ತೋರಿಸಿ ಮುಗಿಸಿರುವುದು ನನಗೆ ಬೇಸರ ತಂದಿದೆ. ವೃದ್ಧರ ಎದುರು ಕುಳಿತವರಿಗೆ ಮೊದಲು ಬೇಕಾಗುವುದು ಅವರನ್ನು ಏನೆಂದು ಕರೆಯಬೇಕು ಎಂಬುದೇ.

ಕಿವಿ ಹದಗೊಳಿಸಿಕೊಳ್ಳುವುದಕ್ಕಾಗಿ ಉಚಿತ ಭಾಗವನ್ನು ಎಲ್ಲರೂ ಬಳಸಬಹುದು. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ನಡೆಯುತ್ತದೆ. ಹಣ ಕೊಟ್ಟು ತೆರೆಯಬೇಕಾದ ಭಾಗದಲ್ಲಿ ನಂಟಸ್ತಿಕೆಯ ಕುರಿತು ಹೆಚ್ಚಿನದೇನೂ ಇಲ್ಲವಾದ್ದರಿಂದ, ಕುಟುಂಬದ ಪದಗಳಿಗಾಗಿಯೇ ಚಂದಾ ಕಟ್ಟಿರೆಂದು ನಾನು ಯಾರಿಗೂ ಹೇಳಲಾರೆ.