ಪಿತ್ತಕೋಶ ತೆಗೆಸಿದ ಮೇಲೂ ಮರಳಿದ ನೋವು: ಒಂದು ಗ್ಯಾಸ್ಟ್ರೋ ವಿಭಾಗದ ಚಿಕಿತ್ಸೆಯ ಕುರಿತು

ಕಲ್ಲುಗಳಿದ್ದ ಕಾರಣ ನನ್ನ ಅಕ್ಕನ ಪಿತ್ತಕೋಶವನ್ನು ತೆಗೆದು ಒಂದೂವರೆ ವರ್ಷವಾಗಿತ್ತು. ಬಲ ಪಕ್ಕೆಯ ಕೆಳಗೆ ಹುಟ್ಟಿ ಬೆನ್ನಿಗೆ ಹಾಯುವ ಅದೇ ಹಳೆಯ ನೋವು ಮತ್ತೆ ಶುರುವಾಯಿತು. ಊಟವಾದ ಸ್ವಲ್ಪ ಹೊತ್ತಿಗೋ ನಡುರಾತ್ರಿಯಲ್ಲೋ ಬಂದು, ಕೂರಲೂ ಮಲಗಲೂ ಬಿಡದೆ ಒಂದೆರಡು ಗಂಟೆ ಹಿಂಡಿ ಹೋಗುತ್ತಿತ್ತು. ಮೊದಲು ತೋರಿಸಿದ ಕಡೆ, ವರದಿಗಳೆಲ್ಲ ಸರಿಯಿದ್ದರೂ, ‘ಓಡಿ ಸ್ಪಿಂಕ್ಟರ್ (ಪಿತ್ತನಾಳದ ತುದಿಯ ಸ್ನಾಯು ಉಂಗುರ) ಬಿಗಿಯಾಗಿದೆ, ಇಆರ್‌ಸಿಪಿ (ಬಾಯಿಂದ ಕೊಳವೆ ಇಳಿಸಿ ಪಿತ್ತನಾಳವನ್ನು ತಲುಪುವ ವಿಧಾನ) ಮಾಡಿ ಕತ್ತರಿಸೋಣ’ ಎಂದು ಅದೇ ವಾರ ದಿನ ಗೊತ್ತುಮಾಡಿದರು. ಒಪ್ಪುವ ಮೊದಲು ಬೆಂಗಳೂರಿನ ಇನ್ನೊಂದು ಖಾಸಗಿ ಆಸ್ಪತ್ರೆಯ ಗ್ಯಾಸ್ಟ್ರೋಎಂಟರಾಲಜಿ ವಿಭಾಗದಲ್ಲಿ ವಿಚಾರಿಸಿದೆವು. ಈ ವಿಮರ್ಶೆ ಆ ವಿಭಾಗದ್ದು.

ಅಲ್ಲಿನ ವೈದ್ಯೆ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಪಿತ್ತನಾಳವೂ ಮೇದೋಜ್ಜೀರಕ ಗ್ರಂಥಿಯ ನಾಳವೂ ಸಣ್ಣ ಕರುಳಿಗೆ ತೆರೆದುಕೊಳ್ಳುವಲ್ಲಿ ಸ್ನಾಯುವಿನ ಒಂದು ಪುಟ್ಟ ಉಂಗುರವಿದೆ. 1887ರಲ್ಲಿ ಇಟಲಿಯ ರುಗ್ಗೆರೊ ಓಡಿ ಅದನ್ನು ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ಉಳಿದಿದೆ. ನೋವಿನ ಜೊತೆಗೆ ಯಕೃತ್ತಿನ ಕಿಣ್ವಗಳು ಏರಿ, ನಾಳವೂ ಹಿಗ್ಗಿದ್ದರೆ ಉಂಗುರವನ್ನು ಕತ್ತರಿಸುವುದರಿಂದ ಸಾಮಾನ್ಯವಾಗಿ ಗುಣವಾಗುತ್ತದೆ. ಎರಡರಲ್ಲಿ ಒಂದೇ ಇದ್ದರೆ ಯೋಚಿಸಬೇಕಾಗುತ್ತದೆ. ಅಕ್ಕನದು ಬರೀ ನೋವು, ಎರಡೂ ಇಲ್ಲ. ಇಂಥದ್ದೇ 214 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉಂಗುರ ಕತ್ತರಿಸಿಕೊಂಡವರಲ್ಲಿ ಶೇ. 23 ಮಂದಿಗೆ ಗುಣ ಕಂಡಿದ್ದರೆ, ಕತ್ತರಿಸದೆ ಕತ್ತರಿಸಿದಂತೆ ಮಾಡಿ ಕಳಿಸಿದವರಲ್ಲಿ ಶೇ. 37 ಮಂದಿಗೆ ಗುಣ ಕಂಡಿತ್ತು. ಎರಡೂ ಗುಂಪುಗಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಬಂದಿತ್ತು. ಈ ಸಂಖ್ಯೆಗಳನ್ನು ನಮ್ಮ ಮುಂದಿಟ್ಟ ಮೇಲೆ ವೈದ್ಯೆ ಹೇಳಿದ್ದು ಒಂದೇ ಮಾತು: ‘ನಿಮ್ಮ ನೋವು ನಿಜ, ಅದಕ್ಕೆ ಈ ಚಿಕಿತ್ಸೆ ಅಲ್ಲ.’ ನೋವನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕದೆ, ಹಾಗೆಂದು ಕತ್ತರಿಯನ್ನೂ ಎತ್ತಿಕೊಳ್ಳದೆ ಮಾತಾಡಿದ ವೈದ್ಯರನ್ನು ಅಕ್ಕ ಕಂಡದ್ದು ಅದೇ ಮೊದಲು. ಅವಳ ಕಣ್ಣು ತುಂಬಿಬಂತು.

ಆಮೇಲಿನ ಪ್ರಶ್ನೆ ಔಷಧಿಗಳದು. ಅಕ್ಕ ತನ್ನ ಕೈಚೀಲದಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದಳು. ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆಗಳನ್ನು ಸರಿಸಿ, ವೈದ್ಯೆ ಕೆಮ್ಮಿನ ಸಿರಪ್ಪಿನ ಅಂಟಂಟು ಬಾಟಲಿಯೊಂದನ್ನು ಎತ್ತಿ ಚೀಟಿ ಓದಿದರು. ಅದರಲ್ಲಿ ಕೊಡೀನ್ ಇತ್ತು. ಕೊಡೀನ್, ಮಾರ್ಫಿನ್‌ನಂಥವು ಈ ಉಂಗುರವನ್ನು ಬಿಗಿಯುತ್ತವೆ. ಪಿತ್ತಕೋಶವಿಲ್ಲದವರಲ್ಲಿ ಅದರ ಪರಿಣಾಮ ನೋವಾಗಿ ಕಾಣಿಸಿಕೊಳ್ಳಬಹುದು. ಹಳೆಯ ಚೀಟಿ ತೋರಿಸಿ ಆಗಾಗ ತರಿಸಿಕೊಳ್ಳುತ್ತಿದ್ದ ಆ ಸಿರಪ್ಪನ್ನು ಅಂದೇ ನಿಲ್ಲಿಸಿದೆವು. ಉಳಿದುಹೋದ ಸಣ್ಣ ಕಲ್ಲುಗಳಿವೆಯೇ ಎಂದು ನೋಡಲು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಂದ ಇಳಿಸಿದ ಕೊಳವೆಯ ತುದಿಯಿಂದ ಮಾಡುವ ಸ್ಕ್ಯಾನ್) ಮಾಡಿಸಿದರು, ಹುಣ್ಣಿಲ್ಲವೆಂಬುದನ್ನೂ ಖಚಿತಪಡಿಸಿಕೊಂಡರು. ಖರ್ಚಿನ ಅಂದಾಜನ್ನು ಮೊದಲೇ ಬರೆದುಕೊಟ್ಟಿದ್ದರಿಂದ ಬಿಲ್ಲಿನಲ್ಲಿ ತಕರಾರು ಬರಲಿಲ್ಲ. ಉಂಗುರವನ್ನು ಸಡಿಲಿಸಲೆಂದು, ಬಿಪಿ ಇಳಿಸಲೂ ಕೊಡುವ ನಿಫೆಡಿಪಿನ್ ಅನ್ನು ಸಣ್ಣ ಪ್ರಮಾಣದಲ್ಲಿ, ಬಿಪಿಯ ಮೇಲೆ ಕಣ್ಣಿಟ್ಟು, ಶುರುಮಾಡಿದರು. ಮೊದಲ ವಾರ ತಲೆನೋವು ಕಾಡಿತು, ಆಮೇಲೆ ಹೊಂದಿಕೊಂಡಿತು.

ವ್ಯವಸ್ಥೆಯಲ್ಲಿ ಒಂದು ದೊಡ್ಡ ಲೋಪವಿದೆ, ಅದನ್ನು ಹೇಳಲೇಬೇಕು. ನೋವು ಬಂದ ಕೆಲವೇ ಗಂಟೆಗಳಲ್ಲಿ ರಕ್ತ ಕೊಟ್ಟು ಎಲ್‌ಎಫ್‌ಟಿ (ಯಕೃತ್ತಿನ ಪರೀಕ್ಷೆ) ಮತ್ತು ಲೈಪೇಸ್ (ಮೇದೋಜ್ಜೀರಕ ಗ್ರಂಥಿಯ ಕಿಣ್ವ) ಪರೀಕ್ಷಿಸಬೇಕು, ಕಿಣ್ವಗಳು ಏರಿದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ ಎಂದು ವೈದ್ಯೆ ಒತ್ತಿ ಹೇಳಿದ್ದರು. ಆದರೆ ರಾತ್ರಿ ಎರಡಕ್ಕೆ ಆಟೋದಲ್ಲಿ ಹೋದಾಗ ಹೊರರೋಗಿಗಳ ಲ್ಯಾಬ್ ಮುಚ್ಚಿತ್ತು. ತುರ್ತು ವಿಭಾಗದವರು, ದಾಖಲಾಗದೆ ರಕ್ತ ತೆಗೆಯುವುದಿಲ್ಲವೆಂದು ಮುಕ್ಕಾಲು ಗಂಟೆ ಕೂರಿಸಿದರು. ನೋವಿನಿಂದ ಬಾಗಿ ಕುಳಿತ ಅಕ್ಕನ ಪಕ್ಕದಲ್ಲಿ ನಿಂತು ನಾನು ಕೌಂಟರಿಗೂ ಡ್ಯೂಟಿ ಡಾಕ್ಟರಿಗೂ ಅದೇ ಮಾತನ್ನು ಮೂರು ಸಲ ಹೇಳಬೇಕಾಯಿತು. ಇಂಥ ರೋಗಿಗಳ ಕೈಗೆ ವೈದ್ಯರ ಸಹಿಯಿರುವ ಒಂದು ಚೀಟಿ ಕೊಟ್ಟಿದ್ದರೆ ಸಾಕಾಗಿತ್ತು. ಮುಂದಿನ ಭೇಟಿಯಲ್ಲಿ ಕೇಳಿದಾಗ ಕೊಟ್ಟರು. ಅಲ್ಲಿಗೆ ಹೋಗುವವರು ಮೊದಲ ದಿನವೇ ಕೇಳಿ ಪಡೆಯಬೇಕೆಂದು ನನ್ನ ಸಲಹೆ.

ಆ ರಾತ್ರಿಯ ವರದಿಯಲ್ಲಿ ಕಿಣ್ವಗಳು ಏರಿರಲಿಲ್ಲ. ನೋವು ಪೂರ್ತಿ ಹೋಗಿಲ್ಲ, ಆದರೆ ವಾರಕ್ಕೆರಡು ಸಲ ಬರುತ್ತಿದ್ದದ್ದು ಕಳೆದ ನಾಲ್ಕು ತಿಂಗಳಲ್ಲಿ ಮೂರು ಸಲ ಬಂದಿದೆ. ಪ್ರತಿ ಸಲದ ಹೊತ್ತು, ಊಟ, ಎಷ್ಟು ಗಂಟೆ ಎಂಬುದನ್ನು ಅಕ್ಕ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ, ಮತ್ತು ವೈದ್ಯೆ ಪ್ರತಿ ಭೇಟಿಯಲ್ಲೂ ಆ ಪುಟಗಳನ್ನು ಕೂತು ಓದುತ್ತಾರೆ.