ಒಬಿಎಸ್ ಸ್ಟುಡಿಯೋ: ಫ್ರೇಮ್ ಎಲ್ಲಿ ಬಿಟ್ಟುಹೋಗ್ತದ ಅಂತ ಅದೇ ಹೇಳುತ್ತದೆ

★★★★½

ಗೇಮ್ ರೆಕಾರ್ಡಿಂಗ್‌ಗೆ ವರ್ಷಗಟ್ಟಲೆ ಒಬಿಎಸ್ (ಕಂಪ್ಯೂಟರ್ ತೆರೆಯನ್ನು ರೆಕಾರ್ಡ್ ಮಾಡುವ, ಲೈವ್ ಕಳಿಸುವ ತಂತ್ರಾಂಶ) ಬಳಸಿದ ಮೇಲೆ ಕೊಡುತ್ತಿರುವ ಸ್ಟಾರ್ ಇವು. ಪೂರ್ತಿ ಉಚಿತ, ವಾಟರ್‌ಮಾರ್ಕ್ ಇಲ್ಲ, ಸಮಯದ ಮಿತಿ ಇಲ್ಲ. ಆದರೂ ಹುಬ್ಬಳ್ಳಿ-ಧಾರವಾಡದ ಹುಡುಗರಲ್ಲಿ "ವಿಡಿಯೋ ಜರ್ಕ್ ಹೊಡಿತದ, ಒಬಿಎಸ್ ಛಲೋ ಇಲ್ಲ" ಅನ್ನುವ ಮಾತು ಮೇಲಿಂದ ಮೇಲೆ ಬರುತ್ತದೆ. ಬಹುತೇಕ ದೋಷ ಬೇರೆ ಕಡೆ ಇರುತ್ತದೆ. ಅದನ್ನು ಹುಡುಕದೆ ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ಡೇಟಾ) ಇಳಿಸುತ್ತ ಹೋದರೆ ಚಿತ್ರ ಕೆಡುತ್ತದೆಯೇ ಹೊರತು ಜರ್ಕ್ ಹೋಗುವುದಿಲ್ಲ.

ಮೊದಲು ಡಾಕ್ಸ್ ಮೆನುವಿನಿಂದ ಸ್ಟ್ಯಾಟ್ಸ್ ತೆರೆಯಿರಿ, ರೀಸೆಟ್ ಒತ್ತಿ, ಹತ್ತು ನಿಮಿಷ ಗೇಮ್ ರೆಕಾರ್ಡ್ ಮಾಡಿ. ನೋಡಬೇಕಾದ್ದು ಎರಡು ಅಂಕಿ: ರೆಂಡರಿಂಗ್ ಲ್ಯಾಗ್ (ದೃಶ್ಯ ಜೋಡಿಸುವಾಗ ತಪ್ಪಿದ ಫ್ರೇಮ್, ಅಂದರೆ ವಿಡಿಯೋದ ಒಂದೊಂದು ಚಿತ್ರ) ಮತ್ತು ಎನ್‌ಕೋಡಿಂಗ್ ಲ್ಯಾಗ್ (ವಿಡಿಯೋ ಕುಗ್ಗಿಸುವಾಗ ತಪ್ಪಿದ ಫ್ರೇಮ್). ನೆಟ್‌ವರ್ಕ್ ಡ್ರಾಪ್ ಅನ್ನುವುದು ಲೈವ್ ಮಾಡುವವರಿಗೆ ಮಾತ್ರ. ಡಿಸ್ಕಿಗೆ ರೆಕಾರ್ಡ್ ಮಾಡುವಾಗ ಬ್ರಾಡ್‌ಬ್ಯಾಂಡಿಗೆ ಬೈಯುವ ಕಾರಣವೇ ಇಲ್ಲ.

ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಗೇಮಿನ ಪಾಲಾಗಿದೆ ಎಂದರ್ಥ. 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್) ಒಂದು ಫ್ರೇಮಿಗೆ ಸಿಗುವುದು ಸುಮಾರು 16.6 ಮಿಲಿಸೆಕೆಂಡ್. ಅಷ್ಟರೊಳಗೆ ದೃಶ್ಯ ಜೋಡಿಸಲು ಒಬಿಎಸ್‌ಗೂ ಕಾರ್ಡ್ ಬೇಕು. ಸರಾಸರಿ ರೆಂಡರ್ ಸಮಯವೂ ಅದೇ ಸ್ಟ್ಯಾಟ್ಸ್‌ನಲ್ಲಿ ಕಾಣುತ್ತದೆ. ಕಾರ್ಡಿನ ಬಳಕೆ 98-99 ಪ್ರತಿಶತ ಮುಟ್ಟಿದರೆ ಗೇಮ್ ನಿಮ್ಮ ಕಣ್ಣಿಗೆ ನುಣ್ಣಗೆ ಓಡುತ್ತಿರುತ್ತದೆ, ರೆಕಾರ್ಡಿಂಗ್ ಮಾತ್ರ ಜರ್ಕ್ ಹೊಡೆಯುತ್ತಿರುತ್ತದೆ. ಜನ ಒಬಿಎಸ್ ಮೇಲೆ ಸಿಟ್ಟಾಗುವುದು ಇಲ್ಲಿಯೇ. ಗೇಮಿನ ಎಫ್‌ಪಿಎಸ್‌ಗೆ ಮಿತಿ ಹಾಕಿ: 60 ಹರ್ಟ್ಸ್ ಮಾನಿಟರಿಗೆ 60, 144 ಹರ್ಟ್ಸ್‌ಗೆ, ಕಾರ್ಡಿಗೆ ತ್ರಾಣವಿದ್ದರೆ, 120. ಒಬಿಎಸ್ ಅನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ವಿಂಡೋಸ್ ಅದಕ್ಕೆ ಕಾರ್ಡಿನಲ್ಲಿ ಆದ್ಯತೆ ಕೊಡುತ್ತದೆ. ಈ ಒಂದೇ ಬದಲಾವಣೆಗೆ ಸರಿಹೋಗುವ ಸಿಸ್ಟಮ್‌ಗಳು ಸಾಕಷ್ಟಿವೆ. ಬೇಡದ ಬ್ರೌಸರ್ ಸೋರ್ಸ್ (ದೃಶ್ಯದೊಳಗೆ ಸೇರಿಸಿದ ವೆಬ್ ಪುಟ) ತೆಗೆಯಿರಿ, ಪ್ರಿವ್ಯೂ ಆಫ್ ಮಾಡಿ.

ಎನ್‌ಕೋಡಿಂಗ್ ಲ್ಯಾಗ್ ಏರಿದರೆ ಎನ್‌ಕೋಡರ್ (ವಿಡಿಯೋ ಕುಗ್ಗಿಸುವ ಭಾಗ) ನೋಡಿ. ಪ್ರೊಸೆಸರ್ ಮೇಲೆ ಓಡುವ ಎಕ್ಸ್264 ಇದ್ದರೆ ಪ್ರೊಸೆಸರ್ ಗೇಮನ್ನೂ ಹೊರಬೇಕು, ವಿಡಿಯೋವನ್ನೂ ಹೊರಬೇಕು. ಅದರ ಬದಲು ಗ್ರಾಫಿಕ್ಸ್ ಚಿಪ್ಪಿನ ಎನ್‌ಕೋಡರ್ ಬಳಸಿ: ಎನ್‌ವಿಡಿಯಾ ಕಾರ್ಡಿಗೆ ಎನ್‌ವಿಎನ್‌ಕ್, ಎಎಂಡಿಗೆ ಎಎಂಎಫ್, ಇಂಟೆಲ್‌ಗೆ ಕ್ವಿಕ್‌ಸಿಂಕ್ ಆರಿಸಿ. ರೇಟ್ ಕಂಟ್ರೋಲ್ ಸಿಕ್ಯೂಪಿ (ಬಿಟ್‌ರೇಟ್ ಬದಲು ಗುಣಮಟ್ಟ ನಿಗದಿ ಮಾಡುವ ವಿಧಾನ) 20ರಿಂದ 23, ಎನ್‌ವಿಎನ್‌ಕ್ ಆದರೆ ಪ್ರಿಸೆಟ್ ಪಿ5, ಲುಕ್-ಅಹೆಡ್ ಆಫ್. ಆಗಲೂ ಲ್ಯಾಗ್ ಉಳಿದರೆ ಪಿ4, ಪಿ3ಕ್ಕೆ ಇಳಿಸಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕುವವರು ಗಮನಿಸಿ: ಜಿಟಿ 1030ರಲ್ಲಿ ಎನ್‌ವಿಎನ್‌ಕ್ ಇಲ್ಲವೇ ಇಲ್ಲ. ರೆಕಾರ್ಡಿಂಗ್‌ಗೆಂದು ಅದನ್ನು ಕೊಂಡರೆ ದುಡ್ಡು ದಂಡ.

ಡಿಸ್ಕ್ ಅನುಮಾನ ಬೇಗ ಬಗೆಹರಿಯುತ್ತದೆ. 40 ಎಂಬಿಪಿಎಸ್ ವಿಡಿಯೋ ಅಂದರೆ ಸೆಕೆಂಡಿಗೆ 5 ಎಂಬಿ, ತಾಸಿಗೆ 18 ಜಿಬಿ. ಸಾಮಾನ್ಯ ಹಾರ್ಡ್ ಡಿಸ್ಕೂ ತಾಳುತ್ತದೆ. ಅಗ್ಗದ ಪೆನ್‌ಡ್ರೈವ್‌ಗೆ ನೇರವಾಗಿ ರೆಕಾರ್ಡ್ ಮಾಡಬೇಡಿ.

ಸ್ಟ್ಯಾಟ್ಸ್‌ನ ಎರಡೂ ಲ್ಯಾಗ್ ಅಂಕಿ ಮೊದಲ ಹದಿನೈದು-ಇಪ್ಪತ್ತು ನಿಮಿಷ ಸೊನ್ನೆ ಇದ್ದು ಆಮೇಲೆ ಏರತೊಡಗಿದರೆ ಅದು ಕಾವು. ಏಪ್ರಿಲ್-ಮೇ ಮಧ್ಯಾಹ್ನ ನಮ್ಮ ಕಡೆ ಲ್ಯಾಪ್‌ಟಾಪ್ ಬೇಗ ಕಾಯುತ್ತದೆ, ಕಾದ ಚಿಪ್ ತಾನೇ ವೇಗ ಇಳಿಸುತ್ತದೆ. ಎರಿ ಮಣ್ಣಿನ ಸಣ್ಣ ಧೂಳು ಫ್ಯಾನಿನ ಹಿಂದಿನ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಬಟ್ಟೆಯಂತೆ ಕೂತಿರುತ್ತದೆ. ಮುಚ್ಚಳ ಬಿಚ್ಚಿಸಿ ಅದನ್ನು ತೆಗೆಸಿ, ಥರ್ಮಲ್ ಪೇಸ್ಟ್ ಹಾಕಿಸಿ.

ಅರ್ಧ ಸ್ಟಾರ್ ಕಡಿದದ್ದು ಲ್ಯಾಪ್‌ಟಾಪ್ ಬಳಸುವವರ ಪರವಾಗಿ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಗೇಮ್ ಒಂದರ ಮೇಲೆ, ಒಬಿಎಸ್ ಇನ್ನೊಂದರ ಮೇಲೆ ಓಡಿದರೆ ಗೇಮ್ ಕ್ಯಾಪ್ಚರ್ ಕಪ್ಪಾಗಬಹುದು, ಇಲ್ಲವೇ ತಡವರಿಸಬಹುದು. ಕಾರಣವನ್ನು ತೆರೆಯ ಮೇಲೆ ನೇರವಾಗಿ ಹೇಳುವುದಿಲ್ಲ. ವಿಂಡೋಸ್ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೂ ಹೈ ಪರ್ಫಾರ್ಮೆನ್ಸ್ ಕೊಡಿ.

ಕರೆಂಟ್ ಹೋಗುವ ಊರಿನವರು ರೆಕಾರ್ಡಿಂಗ್ ಫೈಲಿನ ಫಾರ್ಮ್ಯಾಟ್ ಎಂಕೆವಿಯಲ್ಲೇ ಇಡಿ. ಸಾದಾ ಎಂಪಿ4 ನಡುವೆ ನಿಂತರೆ ಇಡೀ ಫೈಲ್ ತೆರೆಯದೇ ಹೋಗುತ್ತದೆ, ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. 30.2 ಆವೃತ್ತಿಯಿಂದ ನಡುವೆ ನಿಂತರೂ ಉಳಿಯುವ ಹೈಬ್ರಿಡ್ ಎಂಪಿ4 ಕೂಡ ಇದೆ. ಎಡಿಟಿಂಗ್‌ಗೆ ಎಂಪಿ4 ಬೇಕಾದರೆ ಫೈಲ್ ಮೆನುವಿನ ರೀಮಕ್ಸ್ ರೆಕಾರ್ಡಿಂಗ್ಸ್ ಸಾಕು, ಗುಣಮಟ್ಟ ಇಳಿಯುವುದಿಲ್ಲ. ಎಂಕೆವಿ ಅಳಿಸುವ ಮೊದಲು ಹೊಸ ಫೈಲನ್ನು ಕೊನೆಯವರೆಗೂ ಓಡಿಸಿ ನೋಡಿ.