ಗೆಲುವು ಹಂಚಿಕೊಳ್ಳುವ ಆಟಗಳು: ನನ್ನ ಮತ ಡ್ಯೂನ್‌ಗೆ

ಗೆಲುವಿನಲ್ಲಿ ಪಾಲು ಸಿಗುತ್ತದೆ ಅಂದಕೂಡಲೇ ಮೈತ್ರಿ ಗಟ್ಟಿಯಾಗುತ್ತದೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಆ ಪಾಲಿಗೆ ಆಟ ಎಷ್ಟು ಬೆಲೆ ಕೇಳುತ್ತದೆ ಅನ್ನುವುದರ ಮೇಲೆ ಮಾತುಕತೆ ನಿಂತಿರುತ್ತದೆ. ಈ ಲೆಕ್ಕದಲ್ಲಿ, ದುಡ್ಡು ಕೊಟ್ಟು ತರಿಸಿದ್ದು ಸಾರ್ಥಕ ಅನಿಸಿದ್ದು, ಆರು ಬಣಗಳು ಒಂದು ಮರಳುಗ್ರಹಕ್ಕಾಗಿ ಕಾದಾಡುವ ಡ್ಯೂನ್ ಬೋರ್ಡ್ ಗೇಮ್.

ಡ್ಯೂನ್‌ನಲ್ಲಿ ಕೋಟೆಗಳು ಐದು. ಒಬ್ಬರೇ ಗೆಲ್ಲಲು 3 ಸಾಕು, ಇಬ್ಬರ ಮೈತ್ರಿಗೆ 4 ಬೇಕು. ಆ ಒಂದು ಹೆಚ್ಚುವರಿ ಕೋಟೆಯೇ ಪಾಲುದಾರಿಕೆಯ ಬೆಲೆ. ಮೈತ್ರಿ ಕಟ್ಟುವುದಕ್ಕೂ ಮುರಿಯುವುದಕ್ಕೂ ಮರಳುಹುಳದ ಕಾರ್ಡ್ ಬಿದ್ದಾಗ ಮಾತ್ರ ಅವಕಾಶ, ಹಾಗಾಗಿ ಸಿಟ್ಟು ಬಂದ ತಕ್ಷಣ ಕೈಕೊಡಲು ಬರುವುದಿಲ್ಲ. ನಕ್ಷೆಯ ನಡುವಿನ ಪೋಲಾರ್ ಸಿಂಕ್ ಬಿಟ್ಟರೆ ಬೇರೆಲ್ಲೂ ಮಿತ್ರರ ಸೈನ್ಯ ಒಂದೇ ಪ್ರದೇಶದಲ್ಲಿ ಇರುವಂತಿಲ್ಲ. ಯಾವ ಕೋಟೆಗೆ ಯಾರು ಹೋಗಬೇಕು ಅಂತ ಪ್ರತಿ ಸುತ್ತಿನಲ್ಲೂ ಮಾತಾಡಲೇಬೇಕು. ಇದರ ಮೇಲೆ ಬೆನೆ ಜೆಸೆರಿಟ್ ಅನ್ನುವ ಬಣ: ಯಾವ ಬಣ ಯಾವ ಸುತ್ತಿನಲ್ಲಿ ಗೆಲ್ಲುತ್ತದೆ ಅಂತ ಆರಂಭದಲ್ಲೇ ಗುಟ್ಟಾಗಿ ಬರೆದಿಟ್ಟಿರುತ್ತಾರೆ. ಅದು ನಿಜವಾದರೆ, ಗೆದ್ದವರು ತಮ್ಮದೇ ಮಿತ್ರರಾಗಿದ್ದರೂ, ಗೆಲುವು ಬೆನೆ ಜೆಸೆರಿಟ್ ಒಬ್ಬರದೇ. ಅವರು ತೀರಾ ಉದಾರವಾಗಿ ಸಹಾಯ ಮಾಡತೊಡಗಿದರೆ ಆ ಸುತ್ತಿನ ಸಂಖ್ಯೆ ನೋಡಿಕೊಳ್ಳಿ.

ಏಳು ಜನ ಯುರೋಪಿನ ನಕ್ಷೆಯ ಮೇಲೆ ಆಡುವ ಡಿಪ್ಲೊಮಸಿಗೆ ಖರ್ಚಿಲ್ಲ, ನಕ್ಷೆ ಪ್ರಿಂಟ್ ತೆಗೆದುಕೊಂಡರೆ ಆಯಿತು. ಅದರ ಕಿರಿಕಿರಿ ಇರುವುದು ಡ್ರಾದಲ್ಲಿ. ಸೈನ್ಯಕ್ಕೆ ಆಧಾರವಾದ ಪ್ರದೇಶಗಳು, ಅಂದರೆ ಸಪ್ಲೈ ಸೆಂಟರ್‌ಗಳು 34, ಗೆಲ್ಲಲು 18. ಯಾರೂ ಮುಟ್ಟದಿದ್ದರೆ ಉಳಿದವರು ಒಪ್ಪಿ ಡ್ರಾ ಮಾಡಿಕೊಳ್ಳಬಹುದು, ಸಮಪಾಲು. ಕೊನೆಗೆ 15, 13, 6 ಸೆಂಟರ್‌ಗಳ ಮೂವರು ಉಳಿದರು ಅನ್ನಿ. ನೂರು ಅಂಕ ಹಂಚಿದರೆ ತಲಾ 33.3. ಆರು ಸೆಂಟರ್‌ನವನನ್ನು ಮುಗಿಸಿದರೆ ಉಳಿದಿಬ್ಬರಿಗೆ ತಲಾ 50. ಇಷ್ಟು ಹೊತ್ತು ಜೊತೆಗಿದ್ದ ಸಣ್ಣ ಮಿತ್ರನನ್ನು ಕೊಲ್ಲಲು ನಿಯಮವೇ ಆಸೆ ತೋರಿಸುತ್ತದೆ.

ಕೊಲ್ಲುವುದೂ ಸಲೀಸಲ್ಲ. ಎಲ್ಲ ಸೆಂಟರ್ ಹಂಚಿಹೋದ ಮೇಲೆ ಇಬ್ಬರ ಡ್ರಾ ಆಗಬೇಕಾದರೆ 17–17 ಆಗಲೇಬೇಕು, ಒಂದು ಹೆಚ್ಚಾದರೂ ಅದು ಒಬ್ಬನ ಗೆಲುವು. ಸೆಂಟರ್ ಕೈಬದಲಾಗುವುದು ಆಟದ ವರ್ಷದ ಎರಡನೆಯ, ಅಂದರೆ ಶರತ್ಕಾಲದ ನಡೆಯ ನಂತರ, ಗುಟ್ಟಾಗಿ ಚೀಟಿಯಲ್ಲಿ ಬರೆದ ಸೈನ್ಯದ ಆರ್ಡರ್‌ಗಳು ಬಯಲಾಗುವುದು ಎಲ್ಲರದೂ ಒಟ್ಟಿಗೆ. ಅಂದರೆ ಆ ಕೊನೆಯ ಚೀಟಿಯಲ್ಲಿ ಎದುರಿನವನು ನಿಮ್ಮ ಗಡಿಯತ್ತ ಒಂದು ಸೈನ್ಯ ತಿರುಗಿಸಿದ್ದರೂ ತಿಳಿಯುವ ಹೊತ್ತಿಗೆ ಆಟ ಮುಗಿದಿರುತ್ತದೆ. ಗಡಿಯಲ್ಲಿ ಕಾವಲು ಇಟ್ಟರೆ ಸಣ್ಣವನನ್ನು ಮುಗಿಸಲು ಸೈನ್ಯ ಸಾಲದು.

ಪರಿಹಾರ ಇದೆ: ಪ್ರತಿಯೊಬ್ಬರ ಸೆಂಟರ್ ಸಂಖ್ಯೆಯ ವರ್ಗ ತೆಗೆದು ಅದೇ ಪ್ರಮಾಣದಲ್ಲಿ ಅಂಕ ಹಂಚುವುದು. ಆಗ 225, 169, 36, ಮೊತ್ತ 430, ಅಂಕ 52.3, 39.3, 8.4. ಈಗ 17–17 ಆದರೆ ಮುಂದಿರುವವನಿಗೇ ನಷ್ಟ, ಅವನು ಸಣ್ಣವನನ್ನು ಕಾಪಾಡುತ್ತಾನೆ. ಅದೇ ನಕ್ಷೆ, ಅದೇ ಸೈನ್ಯ. ಸ್ಕೋರಿಂಗ್ ಒಂದು ಬದಲಾದರೆ ಮಿತ್ರ ಯಾರು ಅನ್ನುವುದೇ ಬದಲಾಗುತ್ತದೆ. ಮೊದಲ ಆರ್ಡರ್ ಬರೆಯುವ ಮುಂಚೆಯೇ ಇದನ್ನು ತೀರ್ಮಾನಿಸಿ ಬರೆದಿಡಿ. ಮಧ್ಯದಲ್ಲಿ ಕೇಳಿದರೆ ಎಲ್ಲರೂ ತಮ್ಮ ಅನುಕೂಲಕ್ಕೆ ತಕ್ಕ ಪದ್ಧತಿಯನ್ನೇ ನ್ಯಾಯ ಅನ್ನುತ್ತಾರೆ.

ನಮ್ಮ ಕಡೆಯ ಇನ್ನೊಂದು ತೊಡಕು ಮಳೆ. ಡಿಪ್ಲೊಮಸಿಯ ಏಳು ಜನ ಇಬ್ಬಿಬ್ಬರಾಗಿ ಗುಟ್ಟು ಮಾತಾಡಲು ಜಾಗ ಬೇಕು. ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಅಂಗಳಕ್ಕೆ ಕಾಲಿಡುವ ಹಾಗಿಲ್ಲ, ಜಗಲಿಯ ಪಿಸುಮಾತು ಎಲ್ಲರಿಗೂ ಕೇಳುತ್ತದೆ.

ಅನ್ಯಗ್ರಹಜೀವಿಗಳ ಬೋರ್ಡ್ ಗೇಮ್ ಕಾಸ್ಮಿಕ್ ಎನ್‌ಕೌಂಟರ್‌ನಲ್ಲಿ ಪಾಲು ಪುಕ್ಕಟೆ. ಹೊರಗಿನ 5 ವಸಾಹತು ಸಿಕ್ಕರೆ ಗೆಲುವು; ದಾಳಿ ಗೆದ್ದರೆ ದಾಳಿಗೆ ಸೇರಿದ ಮಿತ್ರರಿಗೂ ಒಂದೊಂದು ವಸಾಹತು. ಮೂವರು ನಾಲ್ಕರಲ್ಲಿ ನಿಂತಿದ್ದರೆ ಒಂದೇ ಆಹ್ವಾನಕ್ಕೆ ಮೂವರೂ ಗೆಲ್ಲಬಹುದು. ಖುಷಿಯ ಆಟವೇ, ಆದರೆ ಮಾತುಕತೆ "ನನ್ನನ್ನೂ ಸೇರಿಸ್ಕೋ" ಅನ್ನುವಲ್ಲಿಗೆ ನಿಂತುಬಿಡುತ್ತದೆ.

ಕಂಪ್ಯೂಟರ್ ಆಟ ಏಜ್ ಆಫ್ ಎಂಪೈರ್ಸ್ 2ರಲ್ಲಿ ಅಲೈಡ್ ವಿಕ್ಟರಿ (ಮಿತ್ರರು ಒಟ್ಟಿಗೆ ಗೆಲ್ಲುವುದು) ಬರೀ ಒಂದು ಟಿಕ್. ಉಳಿದವರೆಲ್ಲ ಪರಸ್ಪರ ಮಿತ್ರರಾಗಿ, ಎಲ್ಲರೂ ಟಿಕ್ ಹಾಕಿದ್ದರೆ ಆಟ ಮುಗಿಯುತ್ತದೆ. ಟೀಮ್ ಲಾಕ್ ಮಾಡಿದರೆ ರಾಜತಂತ್ರವೇ ಇಲ್ಲ. ಚೌಕಾಸಿ ಉಳಿಯುವುದು ಬೇರೆಯವರಿಗೆ ಸಂಪತ್ತು ಕಳಿಸುವ ಕಾಣಿಕೆಯಲ್ಲಿ ಮಾತ್ರ: ಅದರ ಮೇಲಿನ ಶುಲ್ಕ ಮೊದಲು 30%, ಮಾರುಕಟ್ಟೆಯಲ್ಲಿ ಕಾಯಿನೇಜ್ ಅನ್ನುವ ಸುಧಾರಣೆ ಮಾಡಿದ ಮೇಲೆ 20%, ಬ್ಯಾಂಕಿಂಗ್ ಆದ ಮೇಲೆ ಸೊನ್ನೆ. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಇಲ್ಲ.

ಭಾನುವಾರ ಸಂಜೆ ಶಿವಮೊಗ್ಗದಲ್ಲಿ ಆರು ಜನ ತಪ್ಪದೆ ಸಿಗುವ ಗುಂಪಾದರೆ ಕಣ್ಣುಮುಚ್ಚಿ ಡ್ಯೂನ್ ಕೊಳ್ಳಿ. ನಾಲ್ಕೇ ಜನ ಅಂದರೆ ಅದಕ್ಕೆ ದುಡ್ಡು ಹಾಕಬೇಡಿ, ಮೈತ್ರಿಯಾದ ಮೇಲೆ ಅದು ಎರಡು ಬಣಗಳ ಜಗ್ಗಾಟವಾಗಿಬಿಡುತ್ತದೆ, ಕಾಸ್ಮಿಕ್ ತರಿಸಿ.